ರಾತ್ರಿಯಿಡೀ ದುಡಿಯುವ ಕಂಪ್ಯೂಟರ್: ಸ್ಪರ್ಧೆಗೆ ಮುನ್ನ ಮನೆಯಲ್ಲಿ ನಡೆಯಬೇಕಾದ ಸಿದ್ಧತೆ

"ಉಮ್ಮಾ, ಇವತ್ತು ರಾತ್ರಿ ಕಂಪ್ಯೂಟರ್ ಆಫ್ ಮಾಡಬೇಡಿ. ಅದು ಕೆಲಸದಲ್ಲಿದೆ."

ಕಾಲೇಜಿಗೆ ಹೋಗುವ ಮಗನೋ ಮಗಳೋ ಮಲಗುವ ಹೊತ್ತಿಗೆ ಹೀಗೆ ಹೇಳಿದರೆ ಯಾವ ತಾಯಿಗೂ ಮೊದಲು ನೆನಪಾಗುವುದು ಕರೆಂಟ್ ಬಿಲ್ಲು. ಆಮೇಲೆ ಅನುಮಾನ. ಕಂಪ್ಯೂಟರಿನ ಮುಂದೆ ಯಾರೂ ಕೂತಿಲ್ಲ, ಪರದೆ ಕಪ್ಪಾಗಿದೆ, ಒಳಗಿನ ಫ್ಯಾನ್ ಮಾತ್ರ ಗುರ್ರೆನ್ನುತ್ತಿದೆ. ಇದೆಂತಹ ಕೆಲಸ? ಯಾರಿಗಾಗಿ? ಎಷ್ಟು ದಿನ?

ಈ ಪ್ರಶ್ನೆಗಳು ನ್ಯಾಯವಾದವು. ಮನೆ ನಡೆಸುವವರು ಇವನ್ನು ಕೇಳಲೇಬೇಕು. ಏಕೆಂದರೆ ಮಕ್ಕಳು ಹೇಳುವ ಆ ಕೆಲಸ ನಿಜವಾಗಿಯೂ ಒಳ್ಳೆಯದಿರಬಹುದು. ಆದರೆ ಅದು ಒಳಿತಾಗಿಯೇ ಉಳಿಯಬೇಕಾದರೆ ಸ್ಪರ್ಧೆ ಶುರುವಾಗುವ ಮೊದಲು ಮನೆಯಲ್ಲಿ ಕೆಲವು ಸಿದ್ಧತೆಗಳು ಆಗಬೇಕು. ಆ ಸಿದ್ಧತೆಯಲ್ಲಿ ತಾಯಿಯ ಪಾಲು ಮಗನ ಪಾಲಿಗಿಂತ ಕಡಿಮೆಯೇನಲ್ಲ.

ಜುಝ್ ಹಂಚಿಕೊಂಡು ಓದುವ ಹಾಗೆ

ರಮಝಾನ್ ತಿಂಗಳಲ್ಲಿ ಮೂವತ್ತು ಮಂದಿ ಮಹಿಳೆಯರು ಸೇರಿ ಒಬ್ಬೊಬ್ಬರು ಒಂದೊಂದು ಜುಝ್ ಹಂಚಿಕೊಂಡು ಓದುವುದನ್ನು ನಾವೆಲ್ಲ ನೋಡಿದ್ದೇವೆ. ಒಬ್ಬರೇ ಕೂತರೆ ಹಲವು ದಿನ ಹಿಡಿಯುವ ಕುರ್‌ಆನ್ ಪಾರಾಯಣ ಆಗ ಒಂದೇ ಸಂಜೆಯಲ್ಲಿ ಪೂರ್ಣವಾಗುತ್ತದೆ. ಆದರೆ ಮೂವತ್ತರಲ್ಲಿ ಒಬ್ಬರು ತಮ್ಮ ಪಾಲನ್ನು ಅರ್ಧಕ್ಕೆ ಬಿಟ್ಟರೂ ಖತಂ ಪೂರ್ತಿಯಾಗುವುದಿಲ್ಲ.

ವಿಜ್ಞಾನಿಗಳೂ ದೊಡ್ಡ ಲೆಕ್ಕಗಳನ್ನು ಹೀಗೆಯೇ ಹಂಚಿ ಮಾಡಿಸುತ್ತಾರೆ. ಒಂದು ರೋಗಕ್ಕೆ ಔಷಧಿ ಹುಡುಕುವಾಗ ಲಕ್ಷಾಂತರ ರಾಸಾಯನಿಕ ಸಂಯುಕ್ತಗಳಲ್ಲಿ ಯಾವುದು ರೋಗದ ಪ್ರೋಟೀನಿಗೆ ಬೀಗಕ್ಕೆ ಕೀಲಿಕೈ ಕೂರುವಂತೆ ಕೂರುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಇದನ್ನು ಮೊದಲು ಪ್ರಯೋಗಶಾಲೆಯಲ್ಲಿ ಮಾಡಲು ಹೊರಟರೆ ಆಯುಷ್ಯವೇ ಸಾಲದು. ಕಂಪ್ಯೂಟರಿನಲ್ಲಿ ಮಾಡಿದರೂ ಒಂದು ಕಂಪ್ಯೂಟರಿಗೆ ನೂರಾರು ವರ್ಷ ಬೇಕಾಗಬಹುದು. ಆದ್ದರಿಂದ ಇಡೀ ಲೆಕ್ಕವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಇಂಟರ್ನೆಟ್ ಮೂಲಕ ಜಗತ್ತಿನ ಮನೆಮನೆಯ ಕಂಪ್ಯೂಟರ್‌ಗಳಿಗೆ ಕಳುಹಿಸುತ್ತಾರೆ. ಪ್ರತಿಯೊಂದು ಕಂಪ್ಯೂಟರ್ ತನ್ನ ಪಾಲಿನ ತುಂಡನ್ನು ಮುಗಿಸಿ ಉತ್ತರವನ್ನು ಹಿಂದಕ್ಕೆ ಕಳುಹಿಸುತ್ತದೆ. ಇದಕ್ಕೆ ಕೂಲಿಯಿಲ್ಲ. ಇದು ಸ್ವಯಂಸೇವೆ.

1999ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ವಿಭಾಗವು ಆರಂಭಿಸಿದ ಸೇಟಿ ಅಟ್ ಹೋಮ್ ಎಂಬ ಯೋಜನೆ ಈ ವಿಧಾನವನ್ನು ಜನಸಾಮಾನ್ಯರ ಮನೆಗೆ ತಂದಿತು. ಆಕಾಶದಿಂದ ಬರುವ ರೇಡಿಯೋ ಅಲೆಗಳಲ್ಲಿ ಬೇರೆ ಲೋಕದ ಜೀವಿಗಳ ಸುಳಿವಿದೆಯೇ ಎಂದು ಅದು ಹುಡುಕಿತು. 50 ಲಕ್ಷಕ್ಕೂ ಹೆಚ್ಚು ಜನ ತಮ್ಮ ಕಂಪ್ಯೂಟರ್‌ಗಳನ್ನು ಅದಕ್ಕೆ ಜೋಡಿಸಿದ್ದರು. ಅಂತಹ ಸುಳಿವೇನೂ ಸಿಗಲಿಲ್ಲ. 2020ರ ಮಾರ್ಚ್ ಕೊನೆಗೆ ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಆದರೆ ಆ ಯೋಜನೆಯ ಗರ್ಭದಿಂದ ಹುಟ್ಟಿದ ಬೋಯಿಂಕ್ ಎಂಬ ಉಚಿತ ತಂತ್ರಾಂಶ ಉಳಿಯಿತು. ಔಷಧಿ, ಹವಾಮಾನ, ಖಗೋಳ, ಗಣಿತ ಹೀಗೆ ಬೇರೆಬೇರೆ ಸಂಶೋಧನೆಗಳಿಗೆ ಮನೆಯ ಕಂಪ್ಯೂಟರನ್ನು ಜೋಡಿಸುವ ಸೇತುವೆ ಅದೇ.

ಫಲ ಸಿಕ್ಕಿದೆಯೇ?

"ಇದರಿಂದ ಯಾರಿಗಾದರೂ ಉಪಕಾರವಾಗಿದೆಯೇ?" ಎಂದು ನೀವು ಕೇಳಬಹುದು. ಆಗಿದೆ.

2004ರಲ್ಲಿ ಐಬಿಎಂ ಕಂಪೆನಿಯು ವರ್ಲ್ಡ್ ಕಮ್ಯುನಿಟಿ ಗ್ರಿಡ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. 2021ರಲ್ಲಿ ಅದರ ಹೊಣೆಯನ್ನು ಕೆನಡಾದ ಟೊರಾಂಟೊ ನಗರದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ವಹಿಸಿಕೊಡಲಾಯಿತು. ಏಡ್ಸ್, ಕ್ಷಯ, ಡೆಂಗಿ, ಕ್ಯಾನ್ಸರ್‌ಗಳ ಸಂಶೋಧನೆಗೆ ಇದರ ಮೂಲಕ ಲೆಕ್ಕಗಳು ನಡೆದಿವೆ. ನ್ಯೂರೋಬ್ಲಾಸ್ಟೋಮ ಎಂಬುದು ಪುಟ್ಟ ಮಕ್ಕಳನ್ನು ಕಾಡುವ ಕ್ಯಾನ್ಸರ್. ಜಪಾನಿನ ಚಿಬಾ ಕ್ಯಾನ್ಸರ್ ಕೇಂದ್ರದ ವಿಜ್ಞಾನಿಗಳು ಈ ಗ್ರಿಡ್‌ನ ನೆರವಿನಿಂದ ಸುಮಾರು 30 ಲಕ್ಷ ಸಂಯುಕ್ತಗಳನ್ನು ಜಾಲಾಡಿ, ಈ ರೋಗದ ಮೇಲೆ ಪರಿಣಾಮ ಬೀರಬಹುದಾದ 7 ಸಂಯುಕ್ತಗಳನ್ನು ಗುರುತಿಸಿದ್ದಾಗಿ 2014ರಲ್ಲಿ ಪ್ರಕಟಿಸಿದರು. ಸಂಯುಕ್ತವನ್ನು ಗುರುತಿಸುವುದಕ್ಕೂ ಅದು ಔಷಧಿಯಾಗಿ ಮಗುವಿನ ಬಾಯಿಗೆ ಬೀಳುವುದಕ್ಕೂ ನಡುವೆ ಅನೇಕ ವರ್ಷಗಳ ಪರೀಕ್ಷೆಯಿರುತ್ತದೆ, ನಿಜ. ಆದರೆ 30 ಲಕ್ಷದ ರಾಶಿಯಿಂದ ಏಳನ್ನು ಹೆಕ್ಕಿ ಕೊಟ್ಟ ಶ್ರಮದಲ್ಲಿ ಎಷ್ಟೋ ಮನೆಗಳ ಕಂಪ್ಯೂಟರ್‌ಗಳ ಪಾಲಿತ್ತು.

2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಒಂದು ದಂಪತಿಯ ಮನೆಯ ಕಂಪ್ಯೂಟರ್ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರ್ ಸೇರಿ, ಅದುವರೆಗೆ ಯಾರೂ ಕಂಡಿರದ ಒಂದು ಪಲ್ಸರ್ ನಕ್ಷತ್ರವನ್ನು ಪತ್ತೆಹಚ್ಚಿದವು. ಅವರಾರೂ ಖಗೋಳ ವಿಜ್ಞಾನಿಗಳಾಗಿರಲಿಲ್ಲ. 2005ರಲ್ಲಿ ಆರಂಭವಾದ ರೊಸೆಟ್ಟಾ ಅಟ್ ಹೋಮ್ ಪ್ರೋಟೀನುಗಳ ಆಕಾರವನ್ನು ಲೆಕ್ಕಹಾಕುವ ಯೋಜನೆ. ಅದು ಹುಟ್ಟಿದ್ದು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಬೇಕರ್ ಅವರ ಪ್ರಯೋಗಶಾಲೆಯಲ್ಲಿ. ಪ್ರೋಟೀನ್ ವಿನ್ಯಾಸದ ಸಾಧನೆಗಾಗಿ ಬೇಕರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

2020ರ ಕೊರೋನಾ ದಿನಗಳು ಎಲ್ಲರಿಗೂ ನೆನಪಿವೆ. ಆಗ ಫೋಲ್ಡಿಂಗ್ ಅಟ್ ಹೋಮ್ ಎಂಬ ಇನ್ನೊಂದು ಯೋಜನೆಯು ಕೊರೋನಾ ವೈರಸ್ಸಿನ ಪ್ರೋಟೀನುಗಳ ಅಧ್ಯಯನಕ್ಕೆ ಕರೆಕೊಟ್ಟಿತು. ಮನೆಯಲ್ಲೇ ಸಿಕ್ಕಿಬಿದ್ದಿದ್ದ ಲಕ್ಷಾಂತರ ಜನ ಕೆಲವೇ ವಾರಗಳಲ್ಲಿ ಬಂದು ಸೇರಿದರು. ಅವರ ಯಂತ್ರಗಳ ಒಟ್ಟು ವೇಗವು ಆಗ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಒಟ್ಟು ವೇಗವನ್ನೂ ಮೀರಿತು. ಹನಿಹನಿ ಕೂಡಿದರೆ ಹಳ್ಳ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಸ್ಪರ್ಧೆ ಎಂದರೇನು?

ಪ್ರತಿಯೊಂದು ಲೆಕ್ಕ ಮುಗಿಸಿ ಕಳುಹಿಸಿದಾಗ ಕಂಪ್ಯೂಟರಿನ ಒಡೆಯನ ಹೆಸರಿಗೆ ಅಂಕಗಳು ಸೇರುತ್ತವೆ. ಅಂಕ ಬಂದಲ್ಲಿ ತಂಡ ಕಟ್ಟುವುದೂ ಪೈಪೋಟಿ ನಡೆಯುವುದೂ ಸಹಜ. ಇವುಗಳಲ್ಲಿ ಹೆಸರುವಾಸಿಯಾದುದು ಬೋಯಿಂಕ್ ಪೆಂಟಾಥ್ಲಾನ್. ಜರ್ಮನಿಯ ಸ್ವಯಂಸೇವಕರ ತಂಡವೊಂದು ಇದನ್ನು 2010ರಲ್ಲಿ ಆರಂಭಿಸಿತು. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಎರಡು ವಾರ ನಡೆಯುತ್ತದೆ. ಕ್ರೀಡಾಕೂಟದ ಹಾಗೆ ಇದರಲ್ಲಿ ಐದು ವಿಭಾಗಗಳು. ಮ್ಯಾರಥಾನ್ ಪೂರ್ತಿ 14 ದಿನ ನಡೆಯುತ್ತದೆ. ಸ್ಪ್ರಿಂಟ್‌ನಂತಹವು ಕೆಲವೇ ದಿನಗಳಲ್ಲಿ ಮುಗಿಯುತ್ತವೆ. ಯಾವ ವಿಭಾಗಕ್ಕೆ ಯಾವ ಸಂಶೋಧನಾ ಯೋಜನೆ ಎಂಬುದನ್ನು ಕೆಲವೇ ದಿನ ಮೊದಲು ತಿಳಿಸುತ್ತಾರೆ. ಆರಂಭವಾಗುವುದು ಅಂತಾರಾಷ್ಟ್ರೀಯ ವೇಳೆಯ ಮಧ್ಯರಾತ್ರಿಗೆ. ಅಂದರೆ ನಮ್ಮಲ್ಲಿ ಬೆಳಗ್ಗೆ 5.30, ಸುಬ್‌ಹ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಡುವ ಹೊತ್ತು.

ಹಣ ಕಟ್ಟಿ ಹಣ ಗೆಲ್ಲುವ ಆಟ ಇದಲ್ಲ. ಜೂಜಿನ ಅಂಶ ಇದರಲ್ಲಿಲ್ಲ. ಆದ್ದರಿಂದ ಮಕ್ಕಳನ್ನು ತಡೆಯುವ ಅಗತ್ಯವಿಲ್ಲ. ಆದರೆ ಒಳ್ಳೆಯ ಕೆಲಸಕ್ಕೂ ಅದರದೇ ಆದ ಶಿಸ್ತು ಬೇಕು.

ಮೊದಲ ಸಿದ್ಧತೆ: ಅನುಮತಿ

ಕಂಪ್ಯೂಟರ್ ಯಾರದು? ಕರೆಂಟ್ ಯಾರದು? ತಂತ್ರಾಂಶ ಹಾಕುವ ಮೊದಲು ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪ್, ಶಾಲೆಯ ಕಂಪ್ಯೂಟರ್ ಕೋಣೆ, ಬಂಧುವಿನ ಸೈಬರ್ ಅಂಗಡಿ, ಇವೆಲ್ಲ ನಮ್ಮ ಕೈಯಲ್ಲಿರುವ ಅಮಾನತ್. ಒಡೆಯರ ಅನುಮತಿಯಿಲ್ಲದೆ ಅದರಲ್ಲಿ ಪುಣ್ಯದ ಕೆಲಸವನ್ನೂ ಮಾಡುವಂತಿಲ್ಲ.

ಇದು ಬರೀ ಉಪದೇಶದ ಮಾತಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಂದು ಸರಕಾರಿ ಕಾಲೇಜಿನ ಕಂಪ್ಯೂಟರ್ ನಿರ್ವಾಹಕರೊಬ್ಬರು ಕೇಳದೆಯೇ ಕಾಲೇಜಿನ ಯಂತ್ರಗಳಲ್ಲಿ ಇಂತಹ ಒಂದು ತಂತ್ರಾಂಶವನ್ನು ಹಾಕಿದ್ದರು. 2001ರಲ್ಲಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಬಿತ್ತು. 2002ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿದರೂ ಒಂದು ವರ್ಷದ ನಿಗಾವಣೆ, 2,100 ಡಾಲರ್ ದಂಡ, 80 ಗಂಟೆಗಳ ಸಮಾಜಸೇವೆ ಅವರ ಪಾಲಿಗೆ ಬಂತು. ಅವರ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ ಕೊಟ್ಟದ್ದು ತನ್ನದಲ್ಲದ ವಸ್ತುವಾಗಿತ್ತು.

ಮನೆಯೊಳಗೂ ಇದೇ ನಿಯಮ. ದುಬೈಯಲ್ಲೋ ದಮ್ಮಾಮಿನಲ್ಲೋ ಬೆವರು ಸುರಿಸಿ ತಂದೆ ಕಳುಹಿಸುವ ಹಣದಿಂದ ಕರೆಂಟ್ ಬಿಲ್ಲು ಕಟ್ಟುವುದಾದರೆ, ಒಂದು ಫೋನ್ ಮಾಡಿ ಅವರ ಒಪ್ಪಿಗೆ ಪಡೆಯಲಿ. ಅದು ಮಕ್ಕಳಿಗೆ ಕಂಪ್ಯೂಟರಿಗಿಂತ ದೊಡ್ಡ ಪಾಠವಾದೀತು.

ಎರಡನೆಯದು: ಬಿಲ್ಲಿನ ಲೆಕ್ಕ

ಒಂದು ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರ್ ಪೂರ್ಣ ಭಾರದಲ್ಲಿ ದುಡಿಯುವಾಗ 150 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನದ 24 ಗಂಟೆಗೆ 3.6 ಯೂನಿಟ್, 14 ದಿನಕ್ಕೆ 50 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ ಲೆಕ್ಕ ಹಿಡಿದರೆ ಸುಮಾರು 350 ರೂಪಾಯಿ. ರಾತ್ರಿ ಎಂಟು ಗಂಟೆ ಮಾತ್ರ ಓಡಿಸಿದರೆ 17 ಯೂನಿಟ್ ಸಾಕು. 45 ವ್ಯಾಟಿನ ಲ್ಯಾಪ್‌ಟಾಪ್ ಹಗಲು ರಾತ್ರಿ ಓಡಿದರೂ ಸುಮಾರು 15 ಯೂನಿಟ್ ಅಷ್ಟೇ. ಆದರೆ ಆಟಗಳಿಗೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಯಂತ್ರ 350 ವ್ಯಾಟ್ ಎಳೆದರೆ ಎರಡು ವಾರಕ್ಕೆ 117 ಯೂನಿಟ್ ಆದೀತು.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿ ಮನೆಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ನಿಮ್ಮ ಬಳಕೆ 170 ಯೂನಿಟ್ ಇದ್ದಲ್ಲಿಗೆ ಈ 50 ಸೇರಿದರೆ 200ರ ಗಡಿ ದಾಟುತ್ತದೆ. ಆಗ ಆ ತಿಂಗಳ ಇಡೀ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ. ಮೇ ತಿಂಗಳು ಬೇರೆ; ಫ್ಯಾನ್, ಫ್ರಿಜ್‌ಗಳೂ ಹೆಚ್ಚು ಓಡುವ ಕಾಲ.

ಪ್ರವಾದಿ ಮುಹಮ್ಮದ್(ಸ)ರು ಹರಿಯುವ ಹೊಳೆಯ ಬದಿಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿಸಿದರು. ದಾನವನ್ನು ತನ್ನ ಆಶ್ರಿತರಿಂದಲೇ ಆರಂಭಿಸಬೇಕೆಂದೂ ಕಲಿಸಿದರು. ಮಗುವಿನ ಶಾಲಾ ಶುಲ್ಕಕ್ಕೆ ಕಷ್ಟವಿರುವ ಮನೆಯಲ್ಲಿ 350 ರೂಪಾಯಿ ಚಿಕ್ಕ ಮೊತ್ತವಲ್ಲ. ಅಂತಹವರು ರಾತ್ರಿಯಲ್ಲಿ ಎರಡೇ ಗಂಟೆ ಓಡಿಸಲಿ, ಅಥವಾ ಈ ಸಲ ಬಿಟ್ಟುಬಿಡಲಿ. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಮೂರನೆಯದು: ಧೂಳು ಮತ್ತು ಬಿಸಿ

ಪತ್ರ ಬರೆಯುವಾಗ, ಫೋಟೋ ನೋಡುವಾಗ ಕಂಪ್ಯೂಟರ್ ಆಗಾಗ ಉಸಿರು ತೆಗೆದುಕೊಳ್ಳುತ್ತದೆ. ಈ ಲೆಕ್ಕ ಮಾಡುವಾಗ ಅದಕ್ಕೆ ಬಿಡುವೇ ಇಲ್ಲ. ಬಿರು ಬೇಸಿಗೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ವರ್ಷಗಟ್ಟಲೆಯ ಧೂಳು ಹೊದ್ದ ಯಂತ್ರವನ್ನು ಹೀಗೆ ಓಡಿಸುವುದೆಂದರೆ ಕಂಬಳಿ ಹೊದಿಸಿ ಓಟಕ್ಕೆ ಬಿಟ್ಟ ಹಾಗೆ.

ಸ್ಪರ್ಧೆಗೆ ಎರಡು ವಾರ ಮುಂಚೆಯೇ ಶುಚಿಗೊಳಿಸಿ. ಮೊದಲು ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ಪಕ್ಕದ ಮುಚ್ಚಳ ತೆಗೆದು ಅಂಗಳಕ್ಕೋ ಸಿಟೌಟಿಗೋ ಒಯ್ಯಿರಿ. ಒಣಗಿದ ಮೃದು ಬ್ರಷ್ಷಿನಿಂದ ಅಥವಾ ಗಾಳಿ ಊದುವ ಬ್ಲೋವರಿನಿಂದ ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡವೇ ಬೇಡ. ಪ್ರೊಸೆಸರ್ ಮತ್ತು ಅದರ ಮೇಲಿನ ಲೋಹದ ತಂಪುಕಾರಕದ ನಡುವೆ ಶಾಖ ದಾಟಿಸುವ ಒಂದು ಪೇಸ್ಟ್ ಇರುತ್ತದೆ. ನಾಲ್ಕೈದು ವರ್ಷ ಹಳೆಯ ಯಂತ್ರದಲ್ಲಿ ಅದು ಒಣಗಿರಬಹುದು. ಕೆಲಸ ಗೊತ್ತಿದ್ದವರಿಂದ ಹಳೆಯದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿಸಿ.

ಯಂತ್ರವನ್ನು ಗೋಡೆಗೆ ತಾಗಿಸಿ ಇಡಬೇಡಿ, ಬಿಸಿಗಾಳಿ ಹೊರಹೋಗಲು ಹಿಂದೆ ಜಾಗ ಬಿಡಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಖಂಡಿತ ಇಡಬಾರದು. ಬಿಸಿಗೆಂದು ಮುಚ್ಚಳ ತೆರೆದೇ ಬಿಡುವ ಅಭ್ಯಾಸ ಕೆಲವರಿಗಿದೆ. ತೆವಳುವ ಮಗುವಿರುವ ಮನೆಯಲ್ಲಿ ಅದು ಅಪಾಯ. ಒಳಗಿನ ಉಷ್ಣತೆಯನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಳ್ಳೆಯದು. 90ರ ಮೇಲೆ ಹೋಗುತ್ತಿದ್ದರೆ ಭಾರ ಇಳಿಸಿ.

ನಾಲ್ಕನೆಯದು: ಸಿಡಿಲು ಮತ್ತು ವಿದ್ಯುತ್

ಜರ್ಮನಿಯವರ ಮೇ ತಿಂಗಳು ಬೇರೆ, ನಮ್ಮ ಮೇ ತಿಂಗಳು ಬೇರೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚಿನ ಸಿಡಿಲಿನ ಅಬ್ಬರ ಆಗಲೇ. ಆಕಾಶ ಕಪ್ಪಾದೊಡನೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಮಾತ್ರವಲ್ಲ, ಇಂಟರ್ನೆಟ್ ತಂತಿಯನ್ನೂ ತೆಗೆಯಿರಿ. ಎಷ್ಟು ಅಂಕ ಹೋದರೂ ಹೋಗಲಿ. ಹೆಚ್ಚಿನ ಯೋಜನೆಗಳಲ್ಲಿ ಲೆಕ್ಕವು ಆಗಾಗ ತನ್ನಷ್ಟಕ್ಕೆ ಉಳಿದುಕೊಳ್ಳುತ್ತದೆ. ಮತ್ತೆ ಆನ್ ಮಾಡಿದಾಗ ಅಲ್ಲಿಂದಲೇ ಮುಂದುವರಿಯುತ್ತದೆ.

ಹಳೆಯ ಬೋರ್ಡು, ಸಡಿಲ ಪ್ಲಗ್ಗು, ಒಂದೇ ಎಕ್ಸ್‌ಟೆನ್ಷನ್‌ಗೆ ನಾಲ್ಕು ಯಂತ್ರ, ಇವನ್ನು ಮೊದಲೇ ಸರಿಪಡಿಸಿ. ಒಂದು ಗಂಟೆ ಓಡಿಸಿದ ನಂತರ ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ಎಲೆಕ್ಟ್ರಿಷಿಯನ್ ಬರುವ ತನಕ ಓಡಿಸಬೇಡಿ. ಮನೆಯ ಇನ್ವರ್ಟರಿಗೆ ಈ ಭಾರ ಹಾಕಬೇಡಿ. ಕರೆಂಟ್ ಹೋದಾಗ ಅದರ ಬ್ಯಾಟರಿ ಮನೆಯ ಅಜ್ಜಿಯ ಫ್ಯಾನಿಗೆ ಬೇಕು.

ಐದನೆಯದು: ತಂತ್ರಾಂಶದ ಹದ

ಬೋಯಿಂಕ್ ತಂತ್ರಾಂಶವನ್ನು ಅದರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ಕಳುಹಿಸಿದ ಕೊಂಡಿಯಿಂದ ಬೇಡ. "ಕಂಪ್ಯೂಟರ್ ಓಡಿಸಿ, ದಿನಕ್ಕಿಷ್ಟು ಸಂಪಾದಿಸಿ" ಎಂದು ಯಾರಾದರೂ ಹೇಳಿದರೆ ಅದು ಬೇರೆಯೇ ವ್ಯವಹಾರ, ದೂರವಿರಿ. ಸದಾ ಇಂಟರ್ನೆಟ್ಟಿಗೆ ಜೋಡಿಸಿಡುವ ಯಂತ್ರಕ್ಕೆ ಸುರಕ್ಷೆಯೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ಅಂತಹ ಹಳೆಯ ಕಂಪ್ಯೂಟರಿಗೆ ಉಚಿತವಾದ ಲಿನಕ್ಸ್ ಹಾಕಿಸಬಹುದು. ಬೋಯಿಂಕ್ ಅದರಲ್ಲೂ ಓಡುತ್ತದೆ.

ಒಳಗಿನ ಆಯ್ಕೆಗಳಲ್ಲಿ ನಾಲ್ಕನ್ನು ಮಕ್ಕಳ ಬಳಿ ಕೂತು ಹೊಂದಿಸಿ. ಪ್ರೊಸೆಸರಿನ ಎಲ್ಲ ಭಾಗಗಳನ್ನೂ ಕೊಡದೆ ಮುಕ್ಕಾಲು ಭಾಗವನ್ನು ಕೊಡಿ. ಬಿಸಿಯೂ ಸದ್ದೂ ಇಳಿಯುತ್ತದೆ. ಮನೆಯವರು ಕಂಪ್ಯೂಟರ್ ಬಳಸುವಾಗ ಲೆಕ್ಕ ನಿಲ್ಲುವಂತೆ ಮಾಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರುವಾಗ ಓಡದಂತೆ ಮಾಡಿ. ಎಷ್ಟು ದಿನದ ಕೆಲಸ ತಂದಿಟ್ಟುಕೊಳ್ಳಬೇಕೆಂಬಲ್ಲಿ ಅರ್ಧ ದಿನ ಅಥವಾ ಒಂದು ದಿನ ಸಾಕು. ಅತಿಯಾಗಿ ತಂದರೆ ಗಡುವಿನೊಳಗೆ ಮುಗಿಯದು. ಗಡುವು ದಾಟಿದ ತುಂಡನ್ನು ವಿಜ್ಞಾನಿಗಳು ಬೇರೊಬ್ಬರಿಗೆ ಕೊಡಬೇಕಾಗುತ್ತದೆ. ಓದದೆ ಬಿಟ್ಟ ಜುಝ್ ನೆನಪಿದೆಯಲ್ಲ?

ಆರನೆಯದು: ಉತ್ತರ ಸರಿಯಿರಬೇಕು

ಎಲ್ಲಕ್ಕಿಂತ ಮುಖ್ಯವಾದುದು ಇದು. ಎಷ್ಟೋ ಯೋಜನೆಗಳಲ್ಲಿ ಒಂದೇ ತುಂಡನ್ನು ಎರಡು ಬೇರೆ ಮನೆಗಳ ಕಂಪ್ಯೂಟರಿಗೆ ಕೊಟ್ಟು ಉತ್ತರಗಳನ್ನು ಹೋಲಿಸುತ್ತಾರೆ. ಎರಡೂ ಹೊಂದಿದರೆ ಮಾತ್ರ ಒಪ್ಪುತ್ತಾರೆ. ಅತಿ ಬಿಸಿಯಾದ, ಮೆಮೊರಿ ಕೆಟ್ಟ, ಅಥವಾ ಹೆಚ್ಚು ವೇಗಕ್ಕಾಗಿ ಮಿತಿಮೀರಿ ಓಡಿಸಿದ ಯಂತ್ರ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಆಗ ಕರೆಂಟೂ ವ್ಯರ್ಥ, ಇನ್ನೊಂದು ಮನೆಯವರ ಕಾಯುವಿಕೆಯೂ ವ್ಯರ್ಥ.

ಆದ್ದರಿಂದ ಸ್ಪರ್ಧೆಗೆ ಒಂದು ವಾರ ಮುಂಚೆ ಪರೀಕ್ಷಾರ್ಥವಾಗಿ ಓಡಿಸಿ. ಕಳುಹಿಸಿದ ಉತ್ತರಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದು ನಿಮ್ಮ ಖಾತೆಯಲ್ಲೇ ಕಾಣುತ್ತದೆ. ತಪ್ಪುಗಳು ಬರುತ್ತಿದ್ದರೆ ಕಾರಣ ಹುಡುಕಿ ಸರಿಪಡಿಸಿ. ಆಗದಿದ್ದರೆ ಆ ಯಂತ್ರವನ್ನು ಸ್ಪರ್ಧೆಯಿಂದ ದೂರವಿಡಿ. ವೇಗವಾಗಿ ಕೊಟ್ಟ ನೂರು ತಪ್ಪು ಉತ್ತರಕ್ಕಿಂತ ನಿಧಾನವಾಗಿ ಕೊಟ್ಟ ಹತ್ತು ಸರಿ ಉತ್ತರ ಮೇಲು.

ಅಂಕದ ಹಂಬಲ

ಪೆಂಟಾಥ್ಲಾನ್‌ನಲ್ಲಿ ಒಂದು ತಂತ್ರ ಚಾಲ್ತಿಯಲ್ಲಿದೆ. ಸ್ಪರ್ಧೆಗೆ ಮುಂಚೆಯೇ ಲೆಕ್ಕಗಳನ್ನು ಮುಗಿಸಿ, ಉತ್ತರ ಕಳುಹಿಸದೆ ದಾಸ್ತಾನು ಮಾಡಿಟ್ಟು, ಗಂಟೆ ಬಾರಿಸಿದೊಡನೆ ಒಟ್ಟಿಗೆ ಕಳುಹಿಸುವುದು. ಎದುರಾಳಿಗೆ ತಮ್ಮ ಬಲ ಗೊತ್ತಾಗಬಾರದೆಂಬುದೇ ಇದರ ಗುಟ್ಟು. ಸ್ಪರ್ಧೆಯ ನಿಯಮ ಇದನ್ನು ನಿಷೇಧಿಸಿಲ್ಲ. ಆದರೆ ವಿಜ್ಞಾನಿಗೆ ಬೇಕಾದ ಉತ್ತರ ಅಷ್ಟು ದಿನ ಯಾರದೋ ಮನೆಯಲ್ಲಿ ಕೂತಿರುತ್ತದೆ. ಎಲ್ಲರೂ ಒಮ್ಮೆಲೆ ಕಳುಹಿಸಿದಾಗ ಅವರ ಸರ್ವರ್ ಉಸಿರುಗಟ್ಟುವುದೂ ಉಂಟು.

ಅಂಗಡಿಯಲ್ಲಿ ಧಾನ್ಯವನ್ನು ಅಡಗಿಸಿಟ್ಟು ಬೆಲೆಗಾಗಿ ಕಾಯುವುದನ್ನು ನಾವು ಮೆಚ್ಚುವುದಿಲ್ಲ. ಮುಗಿದ ಉತ್ತರವನ್ನು ಅಂಕಕ್ಕಾಗಿ ಬಚ್ಚಿಡುವುದೂ ಅದರ ನೆರಳೇ ಅಲ್ಲವೇ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಬೈಯಬೇಡಿ, ಚರ್ಚಿಸಿ. ಸ್ಪರ್ಧೆ ಇರುವುದು ಸಂಶೋಧನೆಗಾಗಿ, ಸಂಶೋಧನೆ ಇರುವುದು ಸ್ಪರ್ಧೆಗಾಗಿ ಅಲ್ಲ ಎಂಬುದು ಅವರಿಗೇ ಹೊಳೆಯಲಿ. ಯಾವ ಯೋಜನೆಗೆ ದುಡಿಯಬೇಕು ಎಂಬುದನ್ನೂ ಸೇರಿ ನಿರ್ಧರಿಸಿ. ರೋಗಕ್ಕೆ ಔಷಧಿ ಹುಡುಕುವುದೋ, ಮಳೆಯ ಲೆಕ್ಕವೋ, ಗಣಿತದ ಸಂಖ್ಯೆಗಳೋ? ಆಯ್ಕೆ ಮನೆಯವರದೇ. ಸ್ಪರ್ಧೆ ಮುಗಿದ ಮೇಲೂ ವಾರಕ್ಕೆ ಎರಡು ರಾತ್ರಿ ಸದ್ದಿಲ್ಲದೆ ದುಡಿಯುವ ಕಂಪ್ಯೂಟರಿನ ಉಪಕಾರ ಹದಿನಾಲ್ಕು ದಿನದ ಅಬ್ಬರಕ್ಕಿಂತ ಹೆಚ್ಚು.

ಸಹೋದರಿಯರೇ, ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ನಂಬಿದವರು ನಾವು. ಯಾವುದೋ ದೇಶದ ಯಾವುದೋ ಮಗುವಿನ ಔಷಧಿಯ ಲೆಕ್ಕದಲ್ಲಿ ಒಂದು ಸಾಲು ನಮ್ಮ ಮನೆಯ ಮೂಲೆಯಲ್ಲಿ ಮುಗಿಯಿತೆಂದರೆ ಅದು ಚಿಕ್ಕ ಭಾಗ್ಯವಲ್ಲ. ಆ ಮಗುವಿನ ಹೆಸರು ನಮಗೆ ತಿಳಿಯದು, ಅದರ ಉಮ್ಮಾಳಿಗೆ ನಮ್ಮ ಹೆಸರು ತಿಳಿಯದು. ಅಲ್ಲಾಹನಿಗೆ ಎರಡೂ ತಿಳಿದಿದೆ.

ಮುಂದಿನ ಸಲ ಮಗ "ಆಫ್ ಮಾಡಬೇಡಿ ಉಮ್ಮಾ" ಎಂದಾಗ ಕೂಡಲೇ ಬೇಡವೆನ್ನಬೇಡಿ. "ಧೂಳು ತೆಗೆದೆಯಾ? ಬಿಲ್ಲಿನ ಲೆಕ್ಕ ಹಾಕಿದೆಯಾ? ಉಪ್ಪನ ಹತ್ತಿರ ಕೇಳಿದೆಯಾ?" ಎಂದು ಕೇಳಿ. ಮೂರಕ್ಕೂ ಹೌದೆಂದರೆ ದೀಪ ಆರಿಸಿ ಮಲಗಿಕೊಳ್ಳಿ. ಕಂಪ್ಯೂಟರ್ ತನ್ನ ಪಾಲಿನ ಕೆಲಸ ಮಾಡಿಕೊಳ್ಳಲಿ.